ಮೂರು ಬಣ್ಣದ ರೈಲ್ವೆ ಕೈದೀಪದ ದುರಸ್ತಿ

ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳ ಮೂಲಕ ಚಿಕ್ಕಬಳ್ಳಾಪುರಕ್ಕೆ ಹೋಗುವ ಮಾರ್ಗದಲ್ಲಿ ಹಿಂದೆ 762 ಮಿಲಿಮೀಟರ್ ಅಗಲದ ನ್ಯಾರೋಗೇಜ್ ಹಳಿ ಇತ್ತು. ಬಂಗಾರಪೇಟೆ–ಕೋಲಾರ ಭಾಗ 1913ರಲ್ಲಿ ತೆರೆಯಿತು. ಆಗ ಬಂಗಾರಪೇಟೆಗೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ಕೋಲಾರ–ಚಿಕ್ಕಬಳ್ಳಾಪುರ ನಡುವೆ ಬ್ರಾಡ್‌ಗೇಜ್ ಹಳಿಯ ಮೇಲೆ ಸಂಚಾರ ಶುರುವಾದದ್ದು 2013ರಲ್ಲಿ. ಈ ನೂರು ವರ್ಷಗಳ ನಡುವೆ ಚಿಕ್ಕ ರೈಲಿನ ನಿಲ್ದಾಣಗಳಲ್ಲಿ ಬಳಕೆಯಲ್ಲಿದ್ದ ವಸ್ತುಗಳಲ್ಲಿ ಕಟ್ಟಡಗಳಿಗಷ್ಟೇ ಒಂದಿಷ್ಟು ಗಮನ ಸಿಕ್ಕಿದೆ. ನಂದಿ ಹಾಲ್ಟ್ ನಿಲ್ದಾಣದ ಹಳೆಯ ಕಟ್ಟಡವನ್ನು ಪಾರಂಪರಿಕ ಕಟ್ಟಡವೆಂದು ಜೀರ್ಣೋದ್ಧಾರ ಮಾಡಲಾಗಿದೆ. ಟಿಕೆಟ್ ಪೆಟ್ಟಿಗೆ, ತೂಕದ ಯಂತ್ರ, ಕೈದೀಪಗಳಂಥ ಸಣ್ಣ ಸಾಮಾನುಗಳು ಮಾತ್ರ ಗುಜರಿಗೆ ಹೋದವು. ಕತ್ತಲಲ್ಲಿ ರೈಲು ಚಾಲಕರಿಗೆ ಬಣ್ಣದ ಬೆಳಕಿನಿಂದ ಸೂಚನೆ ಕೊಡುವ ಅಂಥದ್ದೊಂದು ಕೈದೀಪವನ್ನು ನಮ್ಮ ಶಾಲೆಯ ಪ್ರದರ್ಶನ ಕಪಾಟಿಗಾಗಿ ದುರಸ್ತಿ ಮಾಡಿದ ಕ್ರಮವನ್ನು ಇಲ್ಲಿ ಬರೆದಿಟ್ಟಿದ್ದೇನೆ. ದೀಪ ಹೊಳೆಯುವಂತೆ ಮಾಡುವುದು ನನ್ನ ಉದ್ದೇಶವಾಗಿರಲಿಲ್ಲ. ಅದು ಹಿಂದೆ ಮಾಡುತ್ತಿದ್ದ ಕೆಲಸವನ್ನು ಸರಿಯಾಗಿ ಮಾಡಬೇಕು, ಅಂದರೆ ಕೆಂಪು ಕೆಂಪಾಗಿಯೂ ಹಸಿರು ಹಸಿರಾಗಿಯೂ ದೂರದಿಂದ ಕಾಣಬೇಕು ಎಂಬುದಷ್ಟೇ ಗುರಿಯಾಗಿತ್ತು.

ಹಂತ 1: ಕೊಂಡದ್ದು, ಕಾಲ ಗುರುತಿಸಿದ್ದು

ಚಿಂತಾಮಣಿಯ ಗುಜರಿ ಅಂಗಡಿಯೊಂದರಲ್ಲಿ ಸಿಕ್ಕಿತು. ಅಂಗಡಿಯವರು 1,500 ರೂಪಾಯಿ ಹೇಳಿ, ಕೊನೆಗೆ 900ಕ್ಕೆ ಕೊಟ್ಟರು. ಬ್ರಿಟಿಷರ ಕಾಲದ್ದೆಂದು ಅವರು ಆಣೆ ಮಾಡಿ ಹೇಳಿದರೂ, ಹೊಗೆಕೊಳವೆಯ ಕೆಳಗಿನ ತಗಡಿನ ಮೇಲಿದ್ದ ಬಣ್ಣವನ್ನು ಒದ್ದೆ ಬಟ್ಟೆಯಿಂದ ಉಜ್ಜಿದಾಗ ‘ಎಸ್. ಆರ್.’ (ಸದರ್ನ್ ರೈಲ್ವೆ, ಅಂದರೆ ದಕ್ಷಿಣ ರೈಲ್ವೆ) ಎಂಬ ಉಬ್ಬಚ್ಚಿನ ಇಂಗ್ಲಿಷ್ ಅಕ್ಷರಗಳು ಕಾಣಿಸಿಕೊಂಡವು. ಮೈಸೂರು ಸಂಸ್ಥಾನದ ರೈಲ್ವೆಯನ್ನು ಇತರ ಎರಡು ರೈಲ್ವೆಗಳೊಂದಿಗೆ ಸೇರಿಸಿ ದಕ್ಷಿಣ ರೈಲ್ವೆಯನ್ನು ರಚಿಸಿದ್ದು 1951ರ ಏಪ್ರಿಲ್‌ನಲ್ಲಿ. ಬೆಂಗಳೂರು ವಿಭಾಗ ನೈಋತ್ಯ ರೈಲ್ವೆಯ ಪಾಲಾದದ್ದು 2003ರಲ್ಲಿ. ಹಾಗಾಗಿ ದೀಪ ಈ ಎರಡು ವರ್ಷಗಳ ನಡುವಿನದು. ಕಪಾಟಿನ ಚೀಟಿಯಲ್ಲಿ ‘ದಕ್ಷಿಣ ರೈಲ್ವೆ, 1951ರ ನಂತರದ್ದು’ ಎಂದಷ್ಟೇ ಬರೆದೆ. ಹಳೆಯ ಸಾಮಾನಿಗೆ ಇಲ್ಲದ ವಯಸ್ಸನ್ನು ಅಂಟಿಸುವ ಚಾಳಿ ನಮ್ಮಲ್ಲಿ ಬೇಕಾದಷ್ಟಿದೆ.

ಹಿಡಿಕೆ ಬಿಟ್ಟು ಎತ್ತರ 24 ಸೆಂಟಿಮೀಟರ್, ಮುಂದಿನ ಉಬ್ಬುಗಾಜಿನ ವ್ಯಾಸ 75 ಮಿಲಿಮೀಟರ್. ಉಬ್ಬುಗಾಜಿನ ಅಂಚಿನಲ್ಲಿ ಒಂದು ಚಕ್ಕೆ ಹಾರಿತ್ತು, ಉಳಿದಂತೆ ಚೆನ್ನಾಗಿತ್ತು. ಒಳಗಿನ ಕೆಂಪು ಗಾಜು ಬಿರುಕು ಬಿಟ್ಟಿತ್ತು, ಹಸಿರು ಗಾಜು ಇರಲೇ ಇಲ್ಲ. ಎಣ್ಣೆಬುಡ್ಡಿಯ ತಳ ತುಕ್ಕು ಹಿಡಿದಿತ್ತು, ಬರ್ನರ್ ಅಲುಗಾಡುತ್ತಿರಲಿಲ್ಲ, ಬಣ್ಣ ಬದಲಿಸುವ ಒಳಡಬ್ಬಿ ತಿರುಗುತ್ತಿರಲಿಲ್ಲ.

ಹಂತ 2: ಬಿಚ್ಚುವುದು

ಈ ದೀಪದ ರಚನೆ ಸರಳವಾಗಿದೆ. ಹೊರಗೊಂದು ತಗಡಿನ ಡಬ್ಬಿ, ಅದರೊಳಗೆ ತಿರುಗುವ ಇನ್ನೊಂದು ಡಬ್ಬಿ. ಒಳಡಬ್ಬಿಯ ಒಂದು ಕಿಟಕಿಯಲ್ಲಿ ಕೆಂಪು ಗಾಜು, ಇನ್ನೊಂದರಲ್ಲಿ ಹಸಿರು ಗಾಜು, ಮೂರನೆಯದು ಬಿಳಿ ಬೆಳಕಿಗೆಂದು ಖಾಲಿ, ನಾಲ್ಕನೆಯ ಬದಿ ಮುಚ್ಚಿದ ತಗಡು. ಮೇಲಿನ ಹೊಗೆಕೊಳವೆಯನ್ನು ಹಿಡಿದು ತಿರುಗಿಸಿದರೆ ಒಳಡಬ್ಬಿ ತಿರುಗಿ, ಬೇಕಾದ ಬಣ್ಣ ಉಬ್ಬುಗಾಜಿನ ಹಿಂದೆ ಬಂದು ನಿಲ್ಲುತ್ತದೆ. ಕತ್ತಲೆಯಲ್ಲಿಯೂ ಕೈಗೆ ತಿಳಿಯಲೆಂದು ಪ್ರತಿ ಬಣ್ಣಕ್ಕೂ ಒಂದು ಚಿಕ್ಕ ಕುಳಿ ಇದ್ದು, ತೆಳುವಾದ ಪಟ್ಟಿ ಸ್ಪ್ರಿಂಗ್ ಅದರಲ್ಲಿ ‘ಟಿಕ್’ ಎಂದು ಕೂರುತ್ತದೆ.

ತಿರುಗದ ಡಬ್ಬಿಯನ್ನು ಬಲವಂತವಾಗಿ ತಿರುಗಿಸಬಾರದು. ಕೊಳವೆಯ ಬುಡದಲ್ಲಿ ಬೆಸುಗೆಯ ಅಂಚು ತೆಳುವಾಗಿರುವುದರಿಂದ, ಜೋರು ಮಾಡಿದರೆ ಡಬ್ಬಿ ತಿರುಗುವ ಮೊದಲು ಕೊಳವೆಯೇ ಕಿತ್ತುಬರುತ್ತದೆ. ಸಮಪಾಲು ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ, ಸಿರಿಂಜಿನಿಂದ ಮೇಲಿನ ಸಂದಿಗೆ ಬಿಟ್ಟು, ದೀಪವನ್ನು ತಲೆಕೆಳಗಾಗಿ ಇಟ್ಟು ನೆನೆಯಲು ಬಿಟ್ಟೆ. ದಿನಕ್ಕೊಮ್ಮೆ ಹೇರ್ ಡ್ರೈಯರ್‌ನಿಂದ ಹೊರಡಬ್ಬಿಯನ್ನು ಮಾತ್ರ ಬಿಸಿ ಮಾಡಿ, ಅದು ಹಿಗ್ಗಿದ ಹೊತ್ತಿನಲ್ಲಿ ಕೊಳವೆಯನ್ನು ಎರಡೂ ಕಡೆಗೆ ಕೂದಲೆಳೆಯಷ್ಟು ಅಲುಗಾಡಿಸುತ್ತಾ ಹೋದೆ. ಒಂದು ವಾರ ಕಳೆಯುವುದರೊಳಗೆ ಬಿಟ್ಟುಕೊಂಡಿತು.

ಹಂತ 3: ತುಕ್ಕು ಮತ್ತು ಬಣ್ಣ

ಮೇಲೆ ಬೆಳ್ಳಿ ಬಣ್ಣ, ಅದರ ಕೆಳಗೆ ಕಪ್ಪು, ಅದರ ಕೆಳಗೆ ಕೆಂಗಂದು ಪ್ರೈಮರ್ ಇತ್ತು. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ಒಣಗಿದ ಬಣ್ಣವನ್ನು ಕೆರೆಯಬಾರದು. ಧೂಳು ಎದೆಗೆ ಹೋಗುತ್ತದೆ. 400ರ ನೀರುಕಾಗದವನ್ನು (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಒದ್ದೆ ಮಾಡಿಕೊಂಡು, ಮೂಗಿಗೆ ಮಾಸ್ಕ್ ಹಾಕಿಕೊಂಡು, ತುಕ್ಕು ಎದ್ದ ಜಾಗವನ್ನಷ್ಟೇ ಉಜ್ಜಿದೆ. ಡ್ರಿಲ್‌ಗೆ ಸಿಕ್ಕಿಸುವ ತಂತಿ ಬ್ರಷ್ಷನ್ನು ತಳದ ಒಂದು ಮೂಲೆಯಲ್ಲಿ ಪ್ರಯೋಗಿಸಿದಾಗ ಅದು ತುಕ್ಕಿನ ಜೊತೆಗೆ ಮೂರೂ ಪದರದ ಬಣ್ಣವನ್ನು ಎತ್ತಿಕೊಂಡು ಹೋಯಿತು. ಆ ಎರಡು ಬೆರಳಗಲದ ಜಾಗ ಈಗಲೂ ಹಾಗೆಯೇ ಕಾಣುತ್ತದೆ.

ಹೊಸ ಬಣ್ಣ ಬಳಿಯಲಿಲ್ಲ. ತುಕ್ಕು ತೆಗೆದ ಕಡೆಗೆ ಕಾಯಿಸಿದ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಒರೆಸಿ ಒಣಗಿಸಿದೆ. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಕಾದು ಹೊತ್ತಿಕೊಳ್ಳುವ ಅಪಾಯವಿರುವುದರಿಂದ, ಬಿಡಿಸಿ ಹರಡಿ ಒಣಗಿಸಿಯೇ ಬಿಸಾಡಬೇಕು.

ಹಿತ್ತಾಳೆಯ ಬರ್ನರ್‌ಗೆ ಹುಣಸೆಹಣ್ಣಿನ ನೀರೇ ಸಾಕಾಯಿತು. ಉಬ್ಬುಗಾಜಿನ ಮಸಿಗೆ ಅಂಟುವಾಳದ ನೀರು.

ಹಂತ 4: ಎಣ್ಣೆಬುಡ್ಡಿಯ ಸೋರಿಕೆ

ಬುಡ್ಡಿಗೆ ನೀರು ತುಂಬಿ ಹಳೆಯ ಪತ್ರಿಕೆಯ ಮೇಲೆ ಇಟ್ಟಾಗ ಒಂದೇ ಕಡೆ ಒದ್ದೆಯಾಯಿತು. ಆದರೆ ನೀರು ನಿಲ್ಲುವ ಕಡೆ ಸೀಮೆಎಣ್ಣೆ ನಿಲ್ಲುವುದಿಲ್ಲ. ತಳದ ಅಂಚಿಗೆಲ್ಲ ಸೀಮೆಸುಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿ ಬಳಿದು, ಒಣಗಿದ ಮೇಲೆ ಒಳಗೆ ಸೀಮೆಎಣ್ಣೆ ಹಾಕಿದರೆ, ಸೋರುವ ಕಡೆಯೆಲ್ಲ ಬಿಳಿಯ ಮೇಲೆ ಕಪ್ಪಗೆ ಮಚ್ಚೆ ಮೂಡುತ್ತದೆ. ಹಾಗೆ ನೋಡಿದಾಗ ಐದು ಸೂಜಿರಂಧ್ರಗಳು ಸಿಕ್ಕಿದವು.

ಮೊದಲು, ಎರಡು ಉಂಡೆಗಳನ್ನು ಕಲಸಿ ಮೆತ್ತುವ ಎಪಾಕ್ಸಿ ಹಾಕಿದೆ. ಮರುದಿನ ಅದರ ಅಂಚಿನಿಂದಲೇ ಎಣ್ಣೆ ಜಿನುಗಿತು. ತಗಡಿನ ರಂಧ್ರದೊಳಗೆ ಹೀರಿಕೊಂಡಿದ್ದ ಹಳೆಯ ಎಣ್ಣೆ ಪೂರ್ತಿ ಹೋಗದೆ ಎಪಾಕ್ಸಿ ಕಚ್ಚುವುದಿಲ್ಲ. ಅದನ್ನು ಕಿತ್ತು, ವಾಷಿಂಗ್ ಸೋಡಾ ಹಾಕಿದ ಕುದಿನೀರಿನಲ್ಲಿ ಬುಡ್ಡಿಯನ್ನು ಮತ್ತೆ ಮತ್ತೆ ತೊಳೆದು, ರೇಡಿಯೊ ರಿಪೇರಿಗೆ ಬಳಸುವ 25 ವ್ಯಾಟಿನ ಬೆಸುಗೆ ಕಡ್ಡಿಯಿಂದ ಪ್ರಯತ್ನಿಸಿದೆ. ತಗಡು ಅಷ್ಟೂ ಶಾಖವನ್ನು ಎಳೆದುಕೊಂಡು, ಬೆಸುಗೆ ಉಂಡೆಯಾಗಿ ಉರುಳಿತೇ ಹೊರತು ಹರಡಲಿಲ್ಲ.

ಬಸ್ ನಿಲ್ದಾಣದ ಹಿಂದೆ ಡಬ್ಬಿ, ಆಲಿಕೆ ಮಾಡುವ ಹಿರಿಯರೊಬ್ಬರಿದ್ದಾರೆ. ಅವರು ಬುಡ್ಡಿಯನ್ನು ತಿರುಗಿಸಿ ನೋಡಿ, “ಕರೆಂಟ್ ಕಡ್ಡಿ ಇದಕ್ಕೆ ಸಾಲಲ್ಲ ಸಾರ್, ಬೆಂಕೀಲಿ ಕಾಯಿಸೋ ಕಡ್ಡೀನೇ ಬೇಕು. ಒಳಗೆ ನೀರು ತುಂಬ್ಕೊಂಡು ಬನ್ನಿ, ಖಾಲಿ ತಂದ್ರೆ ನಾನು ಮುಟ್ಟಲ್ಲ” ಎಂದರು. ಅವರ ಮಾತಿನ ಕೊನೆಯ ಭಾಗವೇ ಈ ಹಂತದ ಮುಖ್ಯ ಸಂಗತಿ. ಸೀಮೆಎಣ್ಣೆ ಇದ್ದ ಖಾಲಿ ಬುಡ್ಡಿಯಲ್ಲಿ ಆವಿ ಉಳಿದಿರುತ್ತದೆ. ಅದಕ್ಕೆ ಬಿಸಿ ತಗುಲಿದರೆ ಸಿಡಿಯುತ್ತದೆ. ಬುಡ್ಡಿಯನ್ನು ತಲೆಕೆಳಗು ಮಾಡಿ, ಬತ್ತಿಯ ಬಾಯಿಗೆ ಬೆಂಡಿನ ಬಿರಡೆಯನ್ನು ನೀರು ಸೋರದಷ್ಟೇ ಬಿಗಿಯಾಗಿ ಕೂರಿಸಿ, ಬೆಸುಗೆ ಬೀಳುವ ಅಂಚಿನ ಒಂದು ಬೆರಳು ಕೆಳಗಿನವರೆಗೆ ನೀರು ನಿಲ್ಲಿಸಿ ಕೆಲಸ ಮಾಡಿದರು. ಸತುವಿನ ಚೂರು ಕರಗಿಸಿದ ಆಮ್ಲವನ್ನು ಕೋಳಿಪುಕ್ಕದಲ್ಲಿ ಅಂಚಿಗೆ ಹಚ್ಚಿ, ಇದ್ದಿಲಿನಲ್ಲಿ ಕಾಯಿಸಿದ ತಾಮ್ರದ ಗುಂಡನ್ನು ನವಸಾಗರ ಎಂಬ ಉಪ್ಪಿನ ಮೇಲೆ ಒಮ್ಮೆ ಉಜ್ಜಿ, ಬೆಸುಗೆ ಲೋಹದ ತುಂಡು ತಾಕಿಸಿ ಎಳೆದರು. ಬೆಳ್ಳಿಯ ಗೆರೆಯೊಂದು ಅಂಚಿನುದ್ದಕ್ಕೂ ಹರಿದುಕೊಂಡು ಹೋಯಿತು. ಐದು ರಂಧ್ರಗಳನ್ನಷ್ಟೇ ಮುಚ್ಚದೆ ಇಡೀ ಸುತ್ತನ್ನೂ ಬೆಸೆದದ್ದು ಅವರ ತೀರ್ಮಾನ, ಅದು ಸರಿಯಾಗಿತ್ತು. ಕೂಲಿ, ಸಾಮಾನು ಸೇರಿ 250 ರೂಪಾಯಿ. ಮನೆಗೆ ತಂದು, ಉಳಿದ ಆಮ್ಲ ಮುಂದೆ ತಗಡನ್ನು ತಿನ್ನದಿರಲೆಂದು ಸೋಡಾ ನೀರಿನಲ್ಲಿ ಮತ್ತೆ ತೊಳೆದೆ. ಸೀಮೆಸುಣ್ಣದ ಪರೀಕ್ಷೆಯಲ್ಲಿ ಈ ಸಲ ಮಚ್ಚೆ ಮೂಡಲಿಲ್ಲ.

ಹಂತ 5: ಬರ್ನರ್ ಮತ್ತು ಬತ್ತಿ

ಹಳೆಯ ಬರ್ನರ್‌ನ ಹಲ್ಲುಚಕ್ರ ಸವೆದಿದ್ದರಿಂದ ಲಾಂದ್ರದ ಹೊಸ ಬರ್ನರ್ ಹಾಕಿ ನೋಡಿದೆ. ತಿರುಪು ಸರಿಯಾಗಿಯೇ ಕೂತಿತು, ದೀಪವೂ ಉರಿಯಿತು, ಆದರೆ ಬೆಳಕು ನೇರ ಹೋಗದೆ ನೆಲಕ್ಕೆ ಬೀಳುತ್ತಿತ್ತು. ಹೊಸ ಬರ್ನರ್ ಹಳೆಯದಕ್ಕಿಂತ 9 ಮಿಲಿಮೀಟರ್ ಹೆಚ್ಚು ಎತ್ತರವಿದ್ದು, ಜ್ವಾಲೆ ಉಬ್ಬುಗಾಜಿನ ನಡುಬಿಂದುವಿಗಿಂತ ಮೇಲೆ ನಿಲ್ಲುತ್ತಿತ್ತು. ಗಾಜಿನ ನಡುವಿಗಿಂತ ಮೇಲಿರುವ ಜ್ವಾಲೆಯ ಕಿರಣ ಆಚೆ ಬದಿಯಲ್ಲಿ ಕೆಳಗೆ ವಾಲುತ್ತದೆ. ಹೀಗಾಗಿ ಹಳೆಯ ಬರ್ನರ್‌ಗೇ ಮರಳಿ, ಅದರ ಹಲ್ಲುಗಳನ್ನು ತ್ರಿಕೋನದ ಅರದಿಂದ ಒಂದೊಂದಾಗಿ ಚೂಪು ಮಾಡಿದೆ. ಬತ್ತಿಯ ಅಗಲ 20 ಮಿಲಿಮೀಟರ್. ಬತ್ತಿಯ ತುದಿಯನ್ನು ನೇರವಾಗಿ ಕತ್ತರಿಸಿ, ಎರಡು ಮೂಲೆಗಳನ್ನು ಚೂರೇ ಚೂರು ಓರೆ ಮಾಡಿದರೆ ಜ್ವಾಲೆಗೆ ಕೊಂಬು ಮೂಡುವುದಿಲ್ಲ.

ಹಂತ 6: ಗಾಜು

ಹೆಚ್ಚು ಸಮಯ ತಿಂದದ್ದು ಈ ಹಂತವೇ. ಹಸಿರು ಗಾಜು ತಾನೇ, ಎಲ್ಲಿಯಾದರೂ ಸಿಗುತ್ತದೆ ಎಂದುಕೊಂಡರೆ ಕೆಲಸ ಕೆಡುತ್ತದೆ.

ನಾಟಕದ ದೀಪಗಳಿಗೆ ಹಾಕುವ ಹಸಿರು ಜಿಲೆಟಿನ್ ಹಾಳೆಯನ್ನು ಎರಡು ಬಿಳಿ ಗಾಜಿನ ನಡುವೆ ಇಟ್ಟೆ. ಹತ್ತು ನಿಮಿಷದಲ್ಲಿ ಸುರುಟಿಕೊಂಡು ಕಂದು ಬಣ್ಣಕ್ಕೆ ತಿರುಗಿತು. ಕಿಟಕಿಗೆ ಹಾಕುವ 4 ಮಿಲಿಮೀಟರ್ ದಪ್ಪದ ಹಸಿರು ಗಾಜು ಒಳಡಬ್ಬಿಯ ತೋಡಿನಲ್ಲಿ ಹಿಡಿಸಲಿಲ್ಲ. ಕೈಯಲ್ಲಿ ಹಿಡಿದು ಜ್ವಾಲೆಯ ಮುಂದಿಟ್ಟು ನೋಡಿದರೆ ಅದು ಹಸಿರಾಗಿಯೂ ಕಾಣದೆ, ಬಾಡಿದ ನಿಂಬೆಹಣ್ಣಿನ ಬಣ್ಣಕ್ಕಿತ್ತು. ಹಗಲಿನಲ್ಲಿ ಎಲೆಹಸಿರಾಗಿ ಕಾಣುವ ಗಾಜು ರಾತ್ರಿ ಹಳದಿಯಾಗುವುದು ಏಕೆಂಬುದು, ಪಾಯಿಂಟ್ಸ್‌ಮನ್ (ರೈಲು ಹಳಿ ಬದಲಿಸುವ ಕೆಲಸಗಾರ) ಆಗಿ ನಿವೃತ್ತರಾಗಿ ನಮ್ಮ ಬೀದಿಯಲ್ಲೇ ಇರುವ ಹಿರಿಯರೊಬ್ಬರಿಗೆ ದೀಪ ತೋರಿಸಿದಾಗ ಬಗೆಹರಿಯಿತು.

“ನೀವು ಹಸಿರು ಹುಡುಕ್ತಾ ಇದೀರ ಸಾರ್. ನಮ್ಮ ದೀಪದಾಗೆ ಇದ್ದಿದ್ದು ನೀಲಿ. ಹಗಲೊತ್ತು ತೆಗೆದು ನೋಡಿದ್ರೆ ನವಿಲಿನ ಕತ್ತಿನ ಥರ ಇರ್ತಿತ್ತು.”

“ಯಜಮಾನ್ರೇ, ನೀಲಿ ಹಾಕಿದ್ರೆ ಡ್ರೈವರ್‌ಗೆ ಹಸಿರು ಹೆಂಗೆ ಕಾಣುತ್ತೆ?”

“ಎಣ್ಣೆ ದೀಪ ಹಳದಿ ಅಲ್ವಾ ಸಾರ್? ಎರಡೂ ಸೇರಿದ್ರೆ ಹಸಿರೇ.”

ಅವರು ಹೇಳಿದ್ದು ವ್ಯವಹಾರಕ್ಕೆ ಸರಿಯಾಗಿಯೇ ಇದೆ. ಸೀಮೆಎಣ್ಣೆಯ ಜ್ವಾಲೆಯಲ್ಲಿ ಹಳದಿ, ಕೆಂಪು ಹೆಚ್ಚು, ನೀಲಿ ಬಹಳ ಕಡಿಮೆ. ಸಾಧಾರಣ ಹಸಿರು ಗಾಜು ಹಳದಿಯನ್ನು ಧಾರಾಳವಾಗಿ ಹಾದುಹೋಗಲು ಬಿಡುತ್ತದೆ. ನೀಲಿಗೆ ವಾಲಿದ ಗಾಜು ಹಳದಿ, ಕೆಂಪುಗಳನ್ನು ತಡೆದು ಹಸಿರನ್ನು ಉಳಿಸುತ್ತದೆ. ಎಣ್ಣೆ ದೀಪದ ಕಾಲದ ಸಿಗ್ನಲ್ ಗಾಜುಗಳು ನೀಲಿಹಸಿರಾಗಿದ್ದದ್ದು ಇದೇ ಕಾರಣಕ್ಕೆ. ಇಂಥ ದೀಪಕ್ಕೆ ಎಲ್‌ಇಡಿ ಬಲ್ಬು ಹಾಕಿ ಪ್ರದರ್ಶಿಸುವವರು ಹಳೆಯ ಗಾಜು ನೀಲಿಯಾಗಿ ಕಾಣುತ್ತದೆಂದು ಅದನ್ನು ಬದಲಿಸಲು ಹೋಗಬಾರದು. ತಣ್ಣನೆಯ ಬಿಳಿ ಬಲ್ಬಿನ ಬದಲು ಹಳದಿ ಬೆಳಕಿನ ಬಲ್ಬು ಹಾಕಿದರೆ ಸಾಕು.

ಬೆಂಗಳೂರಿನಲ್ಲಿ ಬಣ್ಣದ ಗಾಜು ಮಾರುವ ಅಂಗಡಿಗೆ ಟಾರ್ಚ್ ಬದಲು ಒಂದು ಮೇಣದಬತ್ತಿ ತೆಗೆದುಕೊಂಡು ಹೋದೆ. ಕತ್ತರಿಸಿ ಉಳಿದ ಚೂರುಗಳನ್ನು ಒಂದೊಂದಾಗಿ ಅದರ ಮುಂದೆ ಹಿಡಿದು ನೋಡಿ, ಮೂರು ಮಿಲಿಮೀಟರ್ ದಪ್ಪದ ನವಿಲುಬಣ್ಣದ ತುಂಡೊಂದನ್ನು ಆರಿಸಿದೆ. ಕೆಂಪಿಗೂ ಒಂದು ತುಂಡು. ಎರಡಕ್ಕೂ ಸೇರಿ 350 ರೂಪಾಯಿ, ಕತ್ತರಿಸಲು 60.

ಕತ್ತರಿಸುವಾಗ ಕಿಟಕಿಯ ತೋಡಿನ ಅಳತೆಗೆ ಸರಿಯಾಗಿ, ಬಿಗಿಯಾಗಿ ಕೂರುವಂತೆ ಕೆಂಪು ಗಾಜನ್ನು ಮಾಡಿಸಿದ್ದೆ. ದೀಪ ಹಚ್ಚಿ ಕಾಲು ಗಂಟೆಯೊಳಗೆ ಮೂಲೆಯಿಂದ ಮೂಲೆಗೆ ಸೀಳಿತು. ಬಿಸಿಗೆ ಹಿಗ್ಗಲು ಜಾಗ ಬೇಕು. ಉಳಿದಿದ್ದ ಕೆಂಪು ತುಂಡಿನಿಂದ ಇನ್ನೊಂದನ್ನು, ಹಸಿರನ್ನೂ ಸೇರಿಸಿ, ಪ್ರತಿ ಬದಿಗೆ ಒಂದು ಮಿಲಿಮೀಟರ್ ಸಡಿಲ ಬಿಟ್ಟು 58 × 52 ಮಿಲಿಮೀಟರ್‌ಗೆ ಕತ್ತರಿಸಿ, ಅಂಚನ್ನು ಸಾಣೆಕಲ್ಲಿನ ಮೇಲೆ ನೀರು ಹಾಕಿ ಉಜ್ಜಿ, ತಗಡಿನ ನಾಲ್ಕು ಕಿವಿಗಳನ್ನು ಹಗುರಾಗಿ ಮಡಚಿ ಕೂರಿಸಿದೆ. ಗಾಜು ಅಲುಗಾಡಿ ಸಣ್ಣಗೆ ಸದ್ದು ಮಾಡುತ್ತದೆ, ಹಾಗೆ ಮಾಡಬೇಕು.

ಬಿರುಕು ಬಿಟ್ಟ ಹಳೆಯ ಕೆಂಪು ಗಾಜನ್ನು ಹಾಗೆಯೇ ಉಳಿಸಬಹುದಿತ್ತಲ್ಲ ಎಂದು ಕೆಲವರು ಕೇಳಿದರು. ಬೇರೆ ಭಾಗಗಳಲ್ಲಿ ಹಳೆಯದನ್ನೇ ಉಳಿಸುವ ಪಕ್ಷ ನನ್ನದಾದರೂ ಇಲ್ಲಿ ಒಪ್ಪಲಿಲ್ಲ. ರೈಲ್ವೆಯ ಆರಂಭದ ದಶಕಗಳಲ್ಲಿ ಇಂಗ್ಲೆಂಡಿನಲ್ಲಿ ಬಿಳಿ ಬೆಳಕೇ ‘ಮುಂದೆ ಹೋಗಬಹುದು’ ಎಂಬ ಸೂಚನೆಯಾಗಿತ್ತು. ಕೆಂಪು ಗಾಜು ಒಡೆದು ಬಿದ್ದರೆ ಅಪಾಯದ ದೀಪವೇ ಬಿಳಿಯಾಗಿ ಕಂಡು ರೈಲು ಮುಂದೆ ಸಾಗುವ ಅಪಾಯವಿದ್ದುದರಿಂದ ಆ ಪದ್ಧತಿಯನ್ನು ಬಿಟ್ಟು ಹಸಿರನ್ನು ತಂದರು. ಕೆಂಪು ಗಾಜು ಗಟ್ಟಿಯಾಗಿರುವುದು ಈ ದೀಪದ ಜೀವಾಳ. ಹಳೆಯ ಚೂರುಗಳನ್ನು ಲಕೋಟೆಯೊಂದರಲ್ಲಿ ಹಾಕಿ ದೀಪದ ಜೊತೆಗೇ ಇಟ್ಟಿದ್ದೇನೆ.

ಹಂತ 7: ಗಾಳಿ ಮತ್ತು ಹೊಗೆ

ಎಲ್ಲವನ್ನೂ ಜೋಡಿಸಿ ಬಾಗಿಲು ಮುಚ್ಚಿದ ಕೂಡಲೇ ಜ್ವಾಲೆ ಕೆಂಪಾಗಿ, ಹೊಗೆಯಾಡಿ, ಆರಿಹೋಯಿತು. ಬಾಗಿಲು ತೆರೆದಿದ್ದರೆ ಚೆನ್ನಾಗಿ ಉರಿಯುತ್ತಿತ್ತು. ಕೆಳಗಿನಿಂದ ಗಾಳಿ ಬರುತ್ತಿಲ್ಲ ಎಂಬುದು ಸ್ಪಷ್ಟವಾಗಿದ್ದರೂ, ತಳದ ರಂಧ್ರಗಳು ಹೊರಗಿನಿಂದ ತೆರೆದೇ ಕಾಣುತ್ತಿದ್ದವು. ಕೊನೆಗೆ ಸೈಕಲ್ ಕಡ್ಡಿಯನ್ನು ಒಳಗೆ ತೂರಿಸಿದಾಗ, ಎರಡು ತಗಡುಗಳ ನಡುವಿನ ಗಾಳಿದಾರಿಯಲ್ಲಿ ಕುಂಬಾರ ಹುಳು ಸಾಲಾಗಿ ಗೂಡು ಕಟ್ಟಿದ್ದದ್ದು ತಿಳಿಯಿತು. ಗಟ್ಟಿಯಾದ ಕೆಮ್ಮಣ್ಣಿನ ಆರು ಕೋಣೆಗಳು, ಒಂದರಲ್ಲಿ ಒಣಗಿದ ಜೇಡಗಳ ಕಾಲುಗಳು. ನೀರಿನಲ್ಲಿ ನೆನೆಸಿ ಕರಗಿಸಿ ತೆಗೆದೆ.

ಹೊಗೆಕೊಳವೆಯೊಳಗೆ ಗಾಳಿ ನೇರವಾಗಿ ನುಗ್ಗದಂತೆ ತಡೆಯುವ ಬಿಲ್ಲೆ ಕಳೆದುಹೋಗಿತ್ತು. ತುಪ್ಪದ ಡಬ್ಬಿಯ ತಗಡಿನಿಂದ 38 ಮಿಲಿಮೀಟರ್ ವ್ಯಾಸದ ಬಿಲ್ಲೆ ಕತ್ತರಿಸಿ, ಮೂರು ಕಾಲುಗಳ ಮೇಲೆ ನಿಲ್ಲಿಸಿದೆ. ಕೆಳಗಿನ ಸಂದು 4 ಮಿಲಿಮೀಟರ್ ಇದ್ದಾಗ ದೀಪ ಮಸಿ ಉಗುಳಿತು. 12 ಮಾಡಿದಾಗ ಸಣ್ಣ ಗಾಳಿಗೇ ಆರಿತು. 8ಕ್ಕೆ ಹದ ಸಿಕ್ಕಿತು.

ಹಂತ 8: ರಾತ್ರಿಯ ಪರೀಕ್ಷೆ

ಹಳಿಯ ಹತ್ತಿರ ಕೆಂಪು ಅಥವಾ ಹಸಿರು ದೀಪ ತೋರಿಸುವುದು ಚಾಲಕರನ್ನು ದಾರಿ ತಪ್ಪಿಸುವ ಕೆಲಸ, ಆಟಕ್ಕೂ ಮಾಡಬಾರದು. ಹಳಿಯಿಂದ ದೂರದ ಕೆರೆ ಏರಿಯ ಮೇಲೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಪರೀಕ್ಷಿಸಿದೆವು. ನಿವೃತ್ತ ಪಾಯಿಂಟ್ಸ್‌ಮನ್ ದೀಪ ಹಿಡಿದರು, ನಾನು ಏರಿಯ ಮತ್ತೊಂದು ತುದಿಗೆ, ಸುಮಾರು 300 ಮೀಟರ್ ದೂರಕ್ಕೆ ಹೋದೆ. ಹಸಿರು ಸ್ಥಿರವಾಗಿ ಹಿಡಿದರೆ ಹೊರಡಬಹುದು, ಹಸಿರನ್ನು ಮೇಲಕ್ಕೂ ಕೆಳಕ್ಕೂ ಆಡಿಸಿದರೆ ಎಚ್ಚರಿಕೆಯಿಂದ ಬರಬೇಕು, ಕೆಂಪು ಕಂಡರೆ ನಿಲ್ಲಬೇಕು, ಕೆಂಪು ಇಲ್ಲದ ಪಕ್ಷದಲ್ಲಿ ಬಿಳಿಯನ್ನೇ ದೇಹದ ಮುಂದೆ ಅಡ್ಡಡ್ಡವಾಗಿ ಜೋರಾಗಿ ಬೀಸಿದರೂ ನಿಲ್ಲಬೇಕು. ಈ ಕ್ರಮವನ್ನು ಅವರು ಒಂದಾದ ಮೇಲೊಂದರಂತೆ ತೋರಿಸಿದರು. ಮೂರೂ ಬಣ್ಣಗಳು ಅಷ್ಟು ದೂರಕ್ಕೂ ತಪ್ಪಿಲ್ಲದೆ ತಿಳಿದವು. ಉಬ್ಬುಗಾಜಿನ ಚಕ್ಕೆ ಹಾರಿದ ಜಾಗದಿಂದ ಬೆಳಕು ಸ್ವಲ್ಪ ಪಕ್ಕಕ್ಕೆ ಸೋರುತ್ತದೆ, ಆದರೆ ಎದುರಿನಿಂದ ನೋಡುವವರಿಗೆ ಅದು ತೊಂದರೆಯಿಲ್ಲ. ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂದಿತ್ತು. ಅದೇ ಜಿಲ್ಲೆಯ ಚಿಕ್ಕ ರೈಲು ಮಾತ್ರ ಅದಾದ ಎಷ್ಟೋ ದಶಕಗಳವರೆಗೆ ಇಂಥ ಬತ್ತಿಯ ಬೆಳಕನ್ನೇ ನಂಬಿ ಓಡಿತು.

ಖರ್ಚು

ದೀಪ 900, ಗಾಜು ಮತ್ತು ಕತ್ತರಿಸುವಿಕೆ 410, ಬೆಸುಗೆ 250, ಬತ್ತಿ 30, ಸೀಮೆಎಣ್ಣೆ 110, ಸೋಡಾ, ಅಗಸೆ ಎಣ್ಣೆ, ನೀರುಕಾಗದ ಇತ್ಯಾದಿ 140. ಒಟ್ಟು 1,840 ರೂಪಾಯಿ. ವ್ಯರ್ಥವಾದ ಎಪಾಕ್ಸಿಗೆ 45, ಕಿಟಕಿ ಗಾಜಿಗೆ 80, ಜಿಲೆಟಿನ್ ಹಾಳೆಗೆ 20 ರೂಪಾಯಿ ಸೇರಿಸಿದರೆ 1,985. ಲಾಂದ್ರದ ಬರ್ನರನ್ನು ಅಂಗಡಿಯವರು ವಾಪಸು ತೆಗೆದುಕೊಂಡರು.

ಉಳಿದ ಕೆಲಸ

ಕುಳಿಯಲ್ಲಿ ಕೂರುವ ಪಟ್ಟಿ ಸ್ಪ್ರಿಂಗ್ ಸೋತಿದೆ. ದೀಪವನ್ನು ಹಿಡಿದು ನಡೆದರೆ ಒಳಡಬ್ಬಿ ತಾನಾಗಿಯೇ ಅರ್ಧ ತಿರುಗಿ, ಕೆಂಪಿನ ಪಕ್ಕದಲ್ಲಿ ಬಿಳಿಯ ಎಳೆಯೊಂದು ಇಣುಕುತ್ತದೆ. ಗಡಿಯಾರದ ಹಳೆಯ ಸ್ಪ್ರಿಂಗಿನ ತುಂಡು ಹಾಕಿ ನೋಡಿದೆ. ಅದು ಬಿಸಿಗೆ ಎರಡೇ ಸಂಜೆಯಲ್ಲಿ ಮೆತ್ತಗಾಯಿತು. 0.4 ಮಿಲಿಮೀಟರ್ ದಪ್ಪದ ಫಾಸ್ಫರ್ ಬ್ರಾಂಜ್ ಪಟ್ಟಿ ಸಿಕ್ಕರೆ, ಅದನ್ನು ಜ್ವಾಲೆಯಿಂದ ದೂರವಾಗಿ ಹೊರಡಬ್ಬಿಯ ತಳದ ಅಂಚಿಗೆ ರಿವೆಟ್ ಮಾಡುವ ಯೋಚನೆಯಿದೆ. ಅಲ್ಲಿಯವರೆಗೆ ದೀಪವನ್ನು ಎಣ್ಣೆ ಖಾಲಿ ಮಾಡಿ, ಬತ್ತಿ ಒಣಗಿಸಿ, ಒಳಡಬ್ಬಿಯ ಮುಚ್ಚಿದ ಬದಿಯನ್ನು ಮುಂದೆ ಮಾಡಿ ಕಪಾಟಿನಲ್ಲಿ ಇರಿಸಲಾಗಿದೆ. ತಳದ ಗಾಳಿರಂಧ್ರಗಳಿಗೆ ಕುಂಬಾರ ಹುಳು ಮತ್ತೆ ಬಾರದಂತೆ ಸೊಳ್ಳೆ ಜಾಲರಿಯ ತುಂಡು ಕಟ್ಟಿದ್ದೇನೆ, ಹಚ್ಚುವ ಮೊದಲು ಅದನ್ನು ಬಿಚ್ಚಬೇಕು.